ಒಂದು ಟ್ರೇ ಹುಳುವಿನ ದಾರಿ

ಅವರ ಬೆರಳ ತುದಿಗಳು ಹಸಿರಾಗಿದ್ದವು. ಮೂವತ್ತು ವರ್ಷ ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಹೆಚ್ಚಿ ಆ ಬಣ್ಣ ಉಗುರಿನ ಸಂದಿಗೆ ಇಳಿದುಬಿಟ್ಟಿತ್ತು. ಹಬ್ಬದ ದಿನ ಅರಿಶಿನ ಹಚ್ಚಿಕೊಂಡರೂ ಎದ್ದು ಕಾಣುತ್ತಿದ್ದುದು ಹಸಿರೇ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿರುವ ಚಾಕಿ ಮನೆಯ ಯಜಮಾನಿ ಅವರು. ಮೊಟ್ಟೆಯೊಡೆದ ರೇಷ್ಮೆ ಹುಳುವನ್ನು ಎರಡು ಜ್ವರ, ಅಂದರೆ ಎರಡು ಸಲ ಪೊರೆ ಬಿಡುವವರೆಗೆ, ಸಾಕಿ ರೈತರಿಗೆ ಒಪ್ಪಿಸುವುದು ಅಲ್ಲಿನ ಕೆಲಸ. ನಾನು ರಿಜಿಸ್ಟರ್ ಬರೆಯುವವಳು: ಒಳಗಿನ ಶಾಖ, ಹೊರಗಿನ ಶಾಖ, ತೇವ, ಸೊಪ್ಪು ಕೊಟ್ಟ ಹೊತ್ತು, ಟ್ರೇ ಹೊರಟ ಹೊತ್ತು.

ನಾವೆಲ್ಲ ಅವರನ್ನು ಅಮ್ಮ ಎನ್ನುತ್ತಿದ್ದೆವು. ಬರೀ ಅಂಕಿ ಓದಿದರೆ ಅವರು ಕಿವಿಗೊಡುತ್ತಿರಲಿಲ್ಲ. "ಇಪ್ಪತ್ತೇಳು ಅಂತೀಯಲ್ಲ, ಯಾರ ಮನೆಗೆ ಹೋಗೋ ಹುಳಕ್ಕಮ್ಮಾ?" ಎನ್ನುವರು. ಹೆಸರು ಹೇಳಿದರೆ ಆ ಮನೆಯ ತೋಟ, ಹುಳು ಸಾಕುವ ಜಾಗ, ಅತ್ತೆ ಸೊಸೆಯ ಜಗಳ ಎಲ್ಲವೂ ಅವರಿಗೆ ಬಾಯಿಪಾಠ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಏಳೆಂಟು ಮನೆಗಳಲ್ಲಿ ಬೆಳೆ ಕೆಟ್ಟಿತು. ಚಾಕಿಯೇ ಸರಿಯಿಲ್ಲ ಎಂಬ ಮಾತು ಹಬ್ಬಿತು. ಸದಸ್ಯರಿಗೆಲ್ಲ ನಮ್ಮಿಂದಲೇ ಹುಳು ಕೊಡಿಸುತ್ತಿದ್ದ ರೈತರ ಕಂಪನಿಯೊಂದು, ಇನ್ನು ಬೇರೆಯವರಲ್ಲಿ ಕೊಳ್ಳೋಣವೇ ಎಂದು ತೀರ್ಮಾನಿಸಲು ಚಿಂತಾಮಣಿಯಲ್ಲಿ ಸಭೆ ಕರೆಯಿತು. ಅವರು ಕೈಬಿಟ್ಟರೆ ಚಾಕಿ ಮನೆಗೆ ಬೀಗ. ನಾನೂ ಸೇರಿ ಆರು ಹೆಂಗಸರ ಕೆಲಸ ಹೋದಂತೆ.

ರಿಜಿಸ್ಟರ್ ಹರಡಿಕೊಂಡು ಕೂತೆ. ಕೆಟ್ಟ ಬೆಳೆಯೆಲ್ಲ ಶುಕ್ರವಾರ ಒಯ್ದ ಹುಳುವಿನದು! ಎಲ್ಲವೂ ಹೊರಟದ್ದು ಹನ್ನೆರಡರ ಮೇಲೆ! ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಡೈರಿಗೆ ಹಾಲು ಹಾಕಿ ಬಂದೆವು ಎನ್ನುತ್ತ ಹತ್ತೂವರೆಯ ಹೊತ್ತಿಗೆ ಬರುವ ರೈತರು, ಟ್ರೇ ಕಟ್ಟಿಸಿಕೊಂಡು ನಮ್ಮ ಜಗಲಿಯಲ್ಲೇ ಕಾದು, ರಾಹುಕಾಲ ಕಳೆದ ಮೇಲೆ ಉರಿಬಿಸಿಲಲ್ಲಿ ಬೈಕ್ ಹತ್ತುತ್ತಿದ್ದರು.

ಮಗಳ ಕೈಯಲ್ಲಿ ಗ್ರಾಫ್ ಮಾಡಿಸಿ ಸಭೆಯ ಪರದೆಯ ಮೇಲೆ ಹಾಕಿದೆ. ಕಂಪನಿಯ ಅಧ್ಯಕ್ಷರು ಮೊಬೈಲ್ ನೋಡುತ್ತಿದ್ದರು. ಬೆಳೆ ಕಳೆದುಕೊಂಡಿದ್ದ ಅಂಬಾಜಿದುರ್ಗದ ಕಡೆಯ ರೈತರೊಬ್ಬರು, "ಏನಮ್ಮಾ ಇದು, ಯಾರ್ದೋ ಇಸಿಜಿ ಇದ್ದಂಗೈತೆ!" ಎಂದರು. ಎಲ್ಲರೂ ನಕ್ಕರು. ನಾನು ರಾಹುಕಾಲದ ವಿಷಯ ಎತ್ತಿದ್ದೇ ತಡ, ಆ ರೈತರು ಎದ್ದು ನಿಂತರು. "ನಿಮ್ ತಪ್ಪು ಮುಚ್ಚಾಕೋಕೆ ನಮ್ ಶಾಸ್ತ್ರದ ಮೇಲೆ ಹಾಕ್ತೀರಾ? ಬಾಗುಂದಮ್ಮಾ, ಬಲು ಚೆನ್ನಾಗೈತೆ ನಿಮ್ ವ್ಯಾಪಾರ!"

ಆಗ ಅಮ್ಮ ಎದ್ದರು.

"ಅಣ್ಣಯ್ಯಾ, ಆ ಗೆರೆ ಬಿಡಿ. ಒಂದು ಟ್ರೇ ಕಥೆ ಹೇಳ್ತೀನಿ. ಶುಕ್ರವಾರ ಬೆಳಿಗ್ಗೆ. ಜ್ವರದಿಂದ ಎದ್ದಿರೋ ಕೂಸುಗಳು, ಹಸಿವು ಅಂದ್ರೆ ಹಸಿವು. ಎಳೆ ಸೊಪ್ಪು ಉಣ್ಣಿಸಿ ಟ್ರೇ ಕಟ್ಟಿದ್ವಿ." ನನ್ನತ್ತ ತಿರುಗಿದರು. "ಎಷ್ಟೊತ್ತಮ್ಮಾ ಆಗ?"

"ಹತ್ತು ಮೂವತ್ತೈದು."

"ಶಾಖ?"

"ಇಪ್ಪತ್ತೇಳು."

"ತಂಪಾಗಿದ್ವು. ಕರ್ಕೊಂಡು ಹೋಗೋಕೆ ಬಂದೋರು ಜಗಲೀಲಿ ಕೂತ್ರು. ಟೀ ಆಯ್ತು, ಎಲೆ ಅಡಿಕೆ ಆಯ್ತು. ಟ್ರೇ ಮಾತ್ರ ಕಾದ ಶೀಟಿನ ಕೆಳಗೆ. ಹೊರಟಾಗ ಎಷ್ಟೊತ್ತು?"

"ಹನ್ನೆರಡು ಐದು. ಶಾಖ ಮೂವತ್ತಾರು."

ಅಧ್ಯಕ್ಷರು ಮೊಬೈಲ್ ಕೆಳಗಿಟ್ಟಿದ್ದರು.

"ಆಮೇಲೆ ಬೈಕಲ್ಲಿ ಮುಕ್ಕಾಲು ಗಂಟೆ. ಮನೇಲಿ ಬಿಚ್ಚಿದ್ರೆ ಸೊಪ್ಪು ಬಾಡಿ ಕೂತೈತೆ, ಕೂಸು ಬಾಯಿ ಹಾಕಲ್ಲ. ಅಣ್ಣಯ್ಯಾ, ಬಾಣಂತಿ ಮಗಳನ್ನ ಮೊನ್ನೆ ಗಂಡನ ಮನೆಗೆ ಕಳಿಸಿದ್ರಲ್ಲ, ಎಷ್ಟೊತ್ತಿಗೆ?"

"ಬೆಳಿಗ್ಗೆ ಐದಕ್ಕೆ. ಮಗೂಗೆ ಬಿಸ್ಲು ತಾಕ್ಬಾರ್ದು ಅಂತ..." ಎನ್ನುತ್ತ ಅವರು ಪರದೆಯ ಗೆರೆಯತ್ತ ತಿರುಗಿದರು. ಮೆಲ್ಲಗೆ ಕೇಳಿದರು, "ಆ ಟ್ರೇ ನಮ್ದೇನಮ್ಮಾ?"

"ಯಾರ್ದಾದ್ರೇನಪ್ಪಾ. ಕಾಯ್ಸಿದ್ದು ನಮ್ ಜಗಲೀಲೇ, ತಪ್ಪು ನಮ್ದೂ ಐತೆ. ರಾಹುಕಾಲ ಬಿಡಿ ಅನ್ನಲ್ಲ, ನಾನೂ ನೋಡೋಳೇ. ಅದು ಬರೋಕೆ ಮುಂಚೆ ಹೊರಡಿ. ಆರಕ್ಕೇ ಬಾಗ್ಲು ತೆಗೀತೀವಿ."

"ಹಾಲು ಯಾರು ಹಾಕೋದು?" ಹಿಂದಿನಿಂದ ಯಾರೋ ಕೇಳಿದರು.

"ದಿನಾ ಹಾಕೋರು ನಿಮ್ ಹೆಂಡ್ತೀನೇ ಅಂತ ಡೈರೀಲಿ ಎಲ್ರಿಗೂ ಗೊತ್ತು ಬಿಡಿ!"

ಸಭೆ ಹೋ ಎಂದು ನಕ್ಕಿತು. ನಮ್ಮನ್ನೇ ಉಳಿಸಿಕೊಳ್ಳೋಣ ಎಂದು ಮೊದಲು ಎದ್ದ ಕೈ ಆ ರೈತರದೇ. ನನಗೆ ಕೂಗಿಬಿಡಬೇಕು ಎನ್ನಿಸಿತು!

ವಾಪಸ್ ಬಸ್ಸಿನಲ್ಲಿ, "ಅಮ್ಮಾ, ನನ್ನ ಗ್ರಾಫ್ ದಂಡವಾಯ್ತು" ಎಂದೆ.

"ಹುಚ್ಚು ಕಣೇ ನಿಂಗೆ. ನೀನು ಆ ಹೊತ್ತು ಬರ್ದಿಡದಿದ್ರೆ ನನ್ ಕಥೆ ಬರೀ ಜಗಲಿ ಹರಟೆ. ಅಂಕಿ ನಿಂದು ಗಟ್ಟಿ. ಅದು ಯಾವ ಮನೆ ಬಾಗಿಲಿಗೆ ಹೋಯ್ತು ಅಂತ ತೋರ್ಸು, ಅಷ್ಟೇ."

ಆ ಬೇಸಿಗೆಯ ಉಳಿದ ಶುಕ್ರವಾರಗಳಲ್ಲಿ ಬೆಳಿಗ್ಗೆಯೇ ಹೋದ ಹುಳು ಚೆನ್ನಾಗಿ ಗೂಡು ಕಟ್ಟಿತು. ಅಮ್ಮ ಹೋದ ವರ್ಷ ತೀರಿಕೊಂಡರು. ಚಾಕಿ ಮನೆ ನಡೆಯುತ್ತಿದೆ, ಸಭೆಗಳಿಗೆ ಈಗ ನಾನೇ ಹೋಗುತ್ತೇನೆ.

ಮೊನ್ನೆ ಗೌರಿಬಿದನೂರಿನಲ್ಲಿ ಹೊಸ ಬೆಳೆಗಾರರ ಎದುರು ನಿಂತು, ಮಳೆಗಾಲದಲ್ಲಿ ಒದ್ದೆ ಸೊಪ್ಪು ತಿಂದ ಹುಳುವಿನ ಮೂರು ದಿನವನ್ನು ಹೇಳತೊಡಗಿದೆ. ಎರಡನೇ ದಿನದ ತೇವ ಎಷ್ಟಿತ್ತೆಂದು ಓದಿ, ನೀರು ಕುಡಿಯಲು ಲೋಟ ಎತ್ತಿದೆ. ಹಿಂದಿನ ಸಾಲಿನಲ್ಲಿ ಒಬ್ಬಾಕೆ ತಡೆಯಲಾರದೆ ಕೂಗಿದರು: "ಅಯ್ಯೋ, ಆಮೇಲೇನಾಯ್ತಮ್ಮಾ?"

ಇಷ್ಟು ವರ್ಷ ಬರೆದ ನನ್ನ ರಿಜಿಸ್ಟರನ್ನು ಯಾರೂ ಹಾಗೆ ಕೇಳಿರಲಿಲ್ಲ. ಆ ಒಂದು ಕೂಗಿಗೆ ನಾನು ಅಮ್ಮನಿಗೆ ಋಣಿ. ಲೋಟ ಹಾಗೇ ಇಟ್ಟು ಮೂರನೇ ದಿನದ ಕಥೆ ಶುರುಮಾಡಿದೆ.