ಹುಣಸೆಹಣ್ಣು ಹಾಕಿ ಉಜ್ಜಿದ ಹಾವು

ಶಾಂತಕ್ಕ, ಮಿಕಾಳ ಆ ಹಾವನ್ನು ಉಜ್ಜಿದ್ದು ನೀವಲ್ಲ — ನಾನು.

ಇದನ್ನು ನಿಮ್ಮ ಅಡುಗೆಮನೆಯಲ್ಲಿ ಕೂತು ಪಿಸುಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಅಪವಾದ ನಿಮ್ಮ ಮೇಲೆ ಬಿದ್ದದ್ದು ನಾಲ್ಕು ಜನರ ಬಾಯಿಂದ. ಅದನ್ನು ತೆಗೆಯುವುದೂ ನಾಲ್ಕು ಜನರ ಕಣ್ಣೆದುರೇ ಆಗಬೇಕು. ಅದಕ್ಕೇ ಇಲ್ಲಿನ ನಮ್ಮ ಕನ್ನಡ ಸಂಘದ ಸಂಚಿಕೆಗೆ ಬರೆಯುತ್ತಿದ್ದೇನೆ. ನಿಮ್ಮನ್ನು ಆಡಿಕೊಂಡವರೆಲ್ಲ ಓದಲಿ.

ನಿಮ್ಮ ಸೊಸೆ ಮಿಕಾಗೆ ಅದು ಮದುವೆಯಾದ ಮೇಲಿನ ಮೊದಲ ದಸರಾ. ಜಪಾನಿನ ಹುಡುಗಿ, ಓಲ್ಡ್ ಬ್ರಿಡ್ಜ್ ಊರಿನ ನಿಮ್ಮ ಮನೆಯಲ್ಲಿ ಗೊಂಬೆ ಕೂರಿಸುತ್ತೀರೆಂದು ಕೇಳಿ, ತನ್ನದೂ ಒಂದಿರಲಿ ಎಂದು ತಂದುಕೊಟ್ಟಳು — ಅವಳಪ್ಪ ಕೈಯಾರೆ ಮಾಡಿದ ತಾಮ್ರದ ಹಾವು. ಅದನ್ನು ಗೊಂಬೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಒಂದೊಂದು ಉಂಗುರವನ್ನೂ ಬೇರೆಬೇರೆಯಾಗಿ ಬಡಿದು, ಒಂದರೊಳಗೊಂದು ಜಾರುವಂತೆ ಕೂಡಿಸಿದ್ದರು. ಎತ್ತಿಕೊಂಡರೆ ಮಣಿಕಟ್ಟಿಗೆ ಸುತ್ತಿಕೊಳ್ಳುತ್ತಿತ್ತು, ಬಾಯಿ ತೆರೆಯುತ್ತಿತ್ತು. ಹಿಂದೆ ಯೋಧರಿಗೆ ಕವಚ ಮಾಡುತ್ತಿದ್ದವರು, ಯುದ್ಧಗಳು ನಿಂತ ಮೇಲೆ ಹೀಗೆ ಹಾವು, ಏಡಿ, ಮಿಡತೆಗಳನ್ನು ಮಾಡತೊಡಗಿದರಂತೆ. ಮಿಕಾ ಹೇಳಿದ್ದಳು. ನಾವು ಅರ್ಧ ಕಿವಿಯಲ್ಲಿ ಕೇಳಿದ್ದೆವು.

ಮೈಯೆಲ್ಲ ಕಪ್ಪು. "ಏನೇ ಕಮಲಾ, ನಮ್ಮ ಸೊಸೆ ತವರಿಂದ ಮಸಿ ಹಾವು ತಂದಿದ್ದಾಳೆ ನೋಡೇ!" ಅಂದಿರಿ ನೀವು. ಹೆಂಗಸರೆಲ್ಲ ನಕ್ಕೆವು. ಅರ್ಥವಾಗದಿದ್ದರೂ ಮಿಕಾನೂ ನಕ್ಕಳು. ಆ ಒಂದು ತಮಾಷೆಯೇ ಆಮೇಲೆ ನಿಮ್ಮ ವಿರುದ್ಧ ಸಾಕ್ಷಿಯಾಯಿತು.

ಮಾರನೆಯ ದಿನ ನೀವು ವೀಳ್ಯದೆಲೆ, ಹೂವು ತರಲು ಈಸ್ಟ್ ಬ್ರನ್ಸ್‌ವಿಕ್ಕಿನ ಇಂಡಿಯನ್ ಅಂಗಡಿಗೆ ಹೋದಿರಿ. ಸಹಾಯಕ್ಕೆ ಬಂದಿದ್ದ ನಾನೊಬ್ಬಳೇ ನಿಮ್ಮ ಅಡುಗೆಮನೆಯಲ್ಲಿ ನಿಂತು ದೀಪ, ಕಳಶ ತೊಳೆಯುತ್ತಿದ್ದೆ. ಕಪ್ಪಿಟ್ಟ ತಾಮ್ರವನ್ನು ದೇವರ ಮುಂದೆ ಇಡಬಾರದು ಎನ್ನುತ್ತಿದ್ದರು ನಮ್ಮಜ್ಜಿ. ಹುಣಸೆಹಣ್ಣು, ಉಪ್ಪು ಕೈಯಲ್ಲೇ ಇದ್ದವು. ಹಾವನ್ನೂ ಸಿಂಕಿಗೆ ಇಳಿಸಿದೆ. ಎಷ್ಟು ಶ್ರದ್ಧೆ! ಉಂಗುರಗಳ ಸಂದಿಗೆಲ್ಲ ಹಳೆಯ ಟೂತ್‌ಬ್ರಷ್ ಹಾಕಿ ತಿಕ್ಕಿದೆ. ಹೊಸ ಚೊಂಬಿನ ಹಾಗೆ ಕೆಂಪಗೆ ಹೊಳೆಯಿತು. ಮಿಕಾ ನೋಡಿದರೆ ನನ್ನನ್ನು ತಬ್ಬಿಕೊಳ್ಳುತ್ತಾಳೆ ಎಂದುಕೊಂಡೆ —

ಸಂಜೆ, ಅರಿಶಿನ-ಕುಂಕುಮಕ್ಕೆ ಬಂದವರ ನಡುವೆ, ಅವಳು ಅದನ್ನು ಎದೆಗವಚಿಕೊಂಡು ನೆಲದ ಮೇಲೆ ಕೂತುಬಿಟ್ಟಳು.

"ಅದು ಕೊಳೆ ಅಲ್ಲ ಆಂಟಿ," ಎಂದಳು ಇಂಗ್ಲಿಷಿನಲ್ಲಿ, ಕೊಳೆ ಹೋಯಿತಲ್ಲ ಎಂದವರೊಬ್ಬರಿಗೆ. "ಅಪ್ಪ ಕುದಿಸಿ ಕುದಿಸಿ ಬರಿಸಿದ ಬಣ್ಣ. ಅವರು ಮಾಡಿದ ಕೊನೇ ಹಾವು ಇದು."

ಅವಳಪ್ಪ ಆ ವರ್ಷವೇ ತೀರಿಕೊಂಡಿದ್ದರು. ಬಣ್ಣ ಮತ್ತೆ ಬರಿಸುವವರು ಸಿಗಬಹುದು. ಅಪ್ಪನ ಕೈ ಸಿಗುತ್ತದೆಯೇ?

ನೀವು ಗಾಬರಿಯಾಗಿ ಕೇಳಿದಿರಿ, "ಕಮಲಾ, ನೀನೇನಾದ್ರೂ ತೊಳೆದ್ಯೇನೇ?"

"ಅಯ್ಯೋ, ನಾನು ದೀಪ ಮಾತ್ರ ತೊಳೆದಿದ್ದು ಶಾಂತಕ್ಕ. ನಾನು ಬರೋ ಹೊತ್ತಿಗೇ ಹಾವು ಹೀಗಿತ್ತಲ್ಲ!"

ಇಷ್ಟೇ. ಎಷ್ಟು ಸಲೀಸಾಗಿ ಬಂತು ನೋಡಿ, ನನ್ನ ಬಾಯಿಂದ. ನೀವು ನನ್ನ ಮುಖವನ್ನೇ ನೋಡಿದಿರಿ. ನಿಮಗೆ ಆಗಲೇ ಗೊತ್ತಾಗಿತ್ತೇ? ಗೊತ್ತಿದ್ದೂ... ನೀವು ಯಾರ ಮುಂದೆಯೂ ನನ್ನ ಹೆಸರೆತ್ತಲಿಲ್ಲ.

ಆಮೇಲೆ ಶುರುವಾಯಿತು. ಪ್ರತಿ ಪಾಟ್‌ಲಕ್ ಊಟದಲ್ಲೂ ಅದೇ ಮಾತು. "ಬೇಕಂತಲೇ ಉಜ್ಜಿದಾರೆ ಕಣ್ರೀ." "ನಮ್ಮವಳಲ್ಲ ಅಂತ ಹೊಟ್ಟೆಯುರಿ." ಒಬ್ಬರಾದರೂ — ಒಬ್ಬರಾದರೂ! — ನೋಡಿದ್ದು ಯಾರು ಎಂದು ಕೇಳಲಿಲ್ಲ. ಪುರಾವೆಯಿಲ್ಲದೆ ಆಫೀಸಿನಲ್ಲಿ ಒಂದು ಸಾಲು ಬರೆಯದ ಡಾಕ್ಟರು, ಇಂಜಿನಿಯರುಗಳು ನಾವು. ಅತ್ತೆ ಎಂದ ಕೂಡಲೇ ತೀರ್ಪು ಕೊಟ್ಟೆವು. ಅತ್ತೆಯಾದವಳು ಕೆಟ್ಟವಳೇ ಆಗಿರಬೇಕೆಂದು ಯಾವ ಶಾಸ್ತ್ರದಲ್ಲಿದೆ? ನಾಚಿಕೆಯಾಗಬೇಕು ಅವರಿಗೆ! — ಅವರ ಮೇಲೆ ರೇಗಿಕೊಳ್ಳುತ್ತಿದ್ದೇನೆ ನೋಡಿ, ಎಂಥ ಭಂಡತನ. ಆ ಗುಂಪಿನ ಮಧ್ಯದಲ್ಲೇ, ಬಿಸಿಬೇಳೆಬಾತಿನ ತಟ್ಟೆ ಹಿಡಿದು ತಲೆಯಾಡಿಸುತ್ತಿದ್ದವಳು ನಾನೇ ಅಲ್ಲವೇ? "ಹೋಗ್ಲಿ ಬಿಡ್ರೀ, ವಯಸ್ಸಾಗಿದೆ ಅವರಿಗೆ" ಎಂದು ನಿಮ್ಮ ಪರ ಮಾತಾಡುವವಳ ಹಾಗೆ ನಿಮ್ಮ ತಪ್ಪನ್ನು ಖಾಯಂ ಮಾಡಿದವಳೂ ನಾನೇ.

ಮಗ-ಸೊಸೆ ಬೇರೆ ಮನೆ ಮಾಡಿಕೊಂಡು ಮಾರಿಸ್‌ಟೌನಿಗೆ ಹೋದರು. ಆಫೀಸಿಗೆ ಕಮ್ಯೂಟ್ ಕಷ್ಟ ಎಂದು ನೀವು ಎಲ್ಲರಿಗೂ ಹೇಳಿದಿರಿ. ನೀವು ಗೊಂಬೆ ಕೂರಿಸುವುದನ್ನೂ ಬಿಟ್ಟಿರಿ.

ಕಳೆದ ವಾರ ಅಲ್ಲಿಗೆ ಡ್ರೈವ್ ಮಾಡಿಕೊಂಡು ಹೋದೆ. ಬಾಗಿಲಲ್ಲೇ ನಿಂತು ಮಿಕಾಗೆ ಎಲ್ಲ ಹೇಳಿದೆ. ಅವಳು ಕಿರುಚುತ್ತಾಳೆ ಎಂದುಕೊಂಡಿದ್ದೆ. ಕಿರುಚಿದ್ದರೆ ಚೆನ್ನಾಗಿತ್ತು.

"ಅಮ್ಮ ‘ನಾನಲ್ಲ’ ಅಂತ ನನ್ನ ಕೈ ಹಿಡ್ಕೊಂಡು ಅತ್ತರು," ಎಂದಳು ನಿಮ್ಮ ಬಗ್ಗೆ. "ಸುಳ್ಳು ಹೇಳ್ಬೇಡಿ ಅಂತ ಕೈ ಬಿಡಿಸ್ಕೊಂಡೆ ನಾನು."

ಒಳಗೆ ಬನ್ನಿ ಎನ್ನಲಿಲ್ಲ. ಸರಿಯಾಗಿಯೇ ಮಾಡಿದಳು.

ನಿಮ್ಮ ಮನೆಗೆ ಬರುತ್ತೇನೆ ಎಂದಳು ಶಾಂತಕ್ಕ. ಯಾವತ್ತು ಎಂದು ಕೇಳುವ ಯೋಗ್ಯತೆ ನನಗಿರಲಿಲ್ಲ. ಈ ದಸರಾಕ್ಕೆ ನೀವು ಗೊಂಬೆ ಕೂರಿಸಿದರೆ ಅರಿಶಿನ-ಕುಂಕುಮಕ್ಕೆ ನನ್ನನ್ನು ಕರೆಯಬೇಡಿ. ಕಮಲಾ ಯಾಕೆ ಬಂದಿಲ್ಲ ಎಂದು ಯಾರಾದರೂ ಕೇಳಿದರೆ, ಮೈ ಸರಿಯಿಲ್ಲ ಎಂದು ನನ್ನ ಮಾನ ಕಾಯಬೇಡಿ. ಇದ್ದದ್ದನ್ನು ಇದ್ದಹಾಗೆ ಹೇಳಿ.