ಅತ್ತೆಯ ಹತ್ತಿರ ಕಾರ್ಡು ಕೇಳಿದ ದಿನ

ಶಿವಮೊಗ್ಗದ ಪ್ರೌಢಶಾಲೆಯೊಂದರಲ್ಲಿ ಪಾಠ ಹೇಳುವ ನನಗೆ ಆ ಸಲದ ಚುನಾವಣೆಯಲ್ಲಿ ಪ್ರಿಸೈಡಿಂಗ್ ಆಫೀಸರ್ ಕೆಲಸ ಬಿತ್ತು. ಒಂದು ಮತಗಟ್ಟೆಯ ಪೂರ್ತಿ ಹೊಣೆ ನಮ್ಮದೇ. ಯಾವ ಮತಗಟ್ಟೆ ಎನ್ನುವುದು ಮಾತ್ರ ಹಿಂದಿನ ದಿನ ಭದ್ರಾವತಿಗೆ ಹೋಗಿ ಯಂತ್ರಗಳನ್ನು ಪಡೆದುಕೊಳ್ಳುವಾಗಲೇ ಗೊತ್ತಾಗುವುದು. ನನಗೆ ಕೊಟ್ಟ ಚೀಟಿಯಲ್ಲಿ ಕಾಗದನಗರ ಎಂದಿತ್ತು. ಇನ್ನೊಮ್ಮೆ ಓದಿದೆ. ನಾನು ಹುಟ್ಟಿ ಬೆಳೆದದ್ದು ಅಲ್ಲೇ. ಅಪ್ಪ ಕಾಗದದ ಕಾರ್ಖಾನೆಯಲ್ಲಿದ್ದರು. ನಾನು ಪಿಯುಸಿಗೆ ಬಂದಾಗ ನಾವು ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗಕ್ಕೆ ಬಂದೆವು. ಆಮೇಲೆ ಕಾರ್ಖಾನೆ ನಿಂತಿತು, ಗುರುತಿನವರೆಲ್ಲ ಒಬ್ಬೊಬ್ಬರಾಗಿ ಊರು ಬಿಟ್ಟರು, ನನಗೂ ಅತ್ತ ಹೋಗುವ ನೆಪ ಇಲ್ಲವಾಯಿತು.

ಮತದಾನ ಶುರುವಾಗಿ ಇನ್ನೂ ಬಿಸಿಲು ಏರಿರಲಿಲ್ಲ, ಆಗಲೇ ಮೊದಲ ಗಲಾಟೆ. ತಲೆ ತುಂಬ ಸೆರಗು ಹೊದ್ದ ಹುಡುಗಿಯೊಬ್ಬಳು ಕಾರ್ಡು ಕೊಟ್ಟಳು. ಮೊದಲ ಮೇಜಿನಲ್ಲಿ ಕೂತಿದ್ದ ನಮ್ಮ ಅಧಿಕಾರಿ ಫೋಟೋ ನೋಡಿದರು, ಮುಖ ನೋಡಿದರು, ನನ್ನನ್ನು ಕರೆದರು. ಫೋಟೋದಲ್ಲಿದ್ದವಳು ದುಂಡು ಮುಖದ, ಇವಳಿಗಿಂತ ಹತ್ತು ವರ್ಷವಾದರೂ ದೊಡ್ಡವಳಾದ ಹೆಂಗಸು.

"ಇದು ಯಾರದಮ್ಮ?" ಎಂದೆ.

"ನಂದೇ."

"ಹುಟ್ಟಿದ ವರ್ಷ ಹೇಳು."

ಹುಡುಗಿ ನೆಲ ನೋಡಿದಳು. ಬಾಗಿಲ ಕಡೆ ನೋಡಿದಳು. "ಅಕ್ಕಂದು ಮೇಡಂ. ಅವ್ಳು ಮದ್ವೆಯಾಗಿ ಸೇಲಂಗೆ ಹೋಗಿದಾಳೆ. ಹಾಕಿ ಬಾ ಅಂದ್ರು, ಬಂದೆ" ಎಂದವಳೇ ಕಾರ್ಡನ್ನೂ ಬಿಟ್ಟು ಓಡಿಹೋದಳು.

ಯಾರು ಅಂದರು ಎಂಬ ಪ್ರಶ್ನೆಗೆ ಕೋಣೆಯಲ್ಲಿ ಇಬ್ಬರು ಜಗಳಕ್ಕೆ ಬಿದ್ದರು. ಒಬ್ಬರು ಒಂದು ಪಕ್ಷದ ಏಜೆಂಟ್, ದಪ್ಪ ಮೀಸೆಯವರು. ಇನ್ನೊಬ್ಬರು ಎದುರು ಪಕ್ಷದವರು, ಕನ್ನಡಕ ಹಾಕಿದ್ದರು. ನಿಮ್ಮೋರು ಕಳ್ಸಿದ್ದು, ನಿಮ್ಮೋರು ಕಳ್ಸಿದ್ದು ಎಂದು ಇಬ್ಬರೂ ಎದ್ದು ನಿಂತರು. ಹೊರಗಿದ್ದ ಪೊಲೀಸ್ ಪೇದೆ ಒಳಗೆ ಇಣುಕಿದರು. ನಾನು ಮೇಜು ಬಡಿದು ಹೇಳಿದೆ: "ಇಲ್ಲಿಂದ ಮುಂದೆ ಯಾರೇ ಬರಲಿ, ನನ್ನ ಸ್ವಂತ ತಾಯಿನೇ ಬರಲಿ, ಫೋಟೋ ಇರೋ ದಾಖಲೆ ಇಲ್ಲದೆ ಬಿಡಲ್ಲ. ಈಗ ಕೂತ್ಕೊಳ್ಳಿ."

"ಅಷ್ಟು ಹೇಳಿದ್ರಲ್ಲ, ಸಾಕು ಮೇಡಂ" ಎಂದು ಕನ್ನಡಕದವರು ಕೂತರು.

ಆ ಮಾತಿನ ಬಿಸಿ ಆರುವ ಮೊದಲೇ ಮೀಸೆಯವರ ಗುರುತಿನ ಒಬ್ಬರು ಕಾರ್ಡಿಲ್ಲದೆ ಬಂದರು. "ಇವ್ರು ಎದುರುಗಡೆ ಅಂಗಡಿಯವ್ರು ಮೇಡಂ, ಇಡೀ ಕಾಗದನಗರಕ್ಕೇ ಗೊತ್ತು" ಎಂದರು ಮೀಸೆಯವರು. ನಾನು ವಾಪಸ್ಸು ಕಳಿಸಿದೆ. ಅಂಗಡಿಯವರು ಗೊಣಗುತ್ತ ಹೋಗಿ ಕಾರ್ಡು ತಂದು ಮತ ಹಾಕಿದರು. ಮೀಸೆಯವರು ಆಮೇಲೆ ನನ್ನ ಮುಖ ನೋಡುವುದನ್ನೇ ಬಿಟ್ಟರು. ಸೇಲಂನಲ್ಲಿರುವ ಆ ಅಕ್ಕನ ಮತವನ್ನು ಒಂದು ಚಿಕ್ಕ ಫೋಟೋ ಕಾಪಾಡಿತಲ್ಲ ಎಂದು ನನಗೆ ಒಳಗೊಳಗೇ ಸಮಾಧಾನ.

ಮಧ್ಯಾಹ್ನದ ಊಟದ ಡಬ್ಬಿ ತೆರೆಯಬೇಕು ಅನ್ನುವಷ್ಟರಲ್ಲಿ ಬಾಗಿಲಲ್ಲಿ ಒಂದು ದನಿ.

"ಅಯ್ಯೋ, ಕಣ್ಣು! ನೀನಾ?"

ನನ್ನನ್ನು ಹಾಗೆ ಕರೆಯುತ್ತಿದ್ದವರು ಲೋಕದಲ್ಲಿ ಒಬ್ಬರೇ. ನಮ್ಮ ಪಕ್ಕದ ಕ್ವಾರ್ಟರ್ಸಿನವರು. ಮನೆಮಾತು ತಮಿಳು. ಅವರ ಗಂಡನೂ ನಮ್ಮಪ್ಪನೂ ಒಂದೇ ಪಾಳಿಯಲ್ಲಿ ಕೆಲಸ ಮಾಡುತ್ತಿದ್ದರು. ನಾವು ಮಕ್ಕಳು ಅವರನ್ನು ಅತ್ತೆ ಅನ್ನುತ್ತಿದ್ದೆವು. ಅಮ್ಮ ಟೈಫಾಯ್ಡ್ ಬಂದು ಆಸ್ಪತ್ರೆ ಸೇರಿದ ಮಳೆಗಾಲದಲ್ಲಿ ನನಗೆ ತಲೆ ಬಾಚಿ, ಜಡೆ ಹಾಕಿ, ಇಡ್ಲಿ ತಿನ್ನಿಸಿ ಸ್ಕೂಲಿಗೆ ಕಳಿಸಿದ್ದು ಈ ಅತ್ತೆಯೇ. ಈಗ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಬೆನ್ನು ಸ್ವಲ್ಪ ಬಾಗಿತ್ತು. ಕಣ್ಣು ಮಾತ್ರ ಅದೇ.

ನಾನು ಎದ್ದೇಬಿಡುತ್ತಿದ್ದೆ. ಅಷ್ಟರಲ್ಲಿ ಇಬ್ಬರು ಏಜೆಂಟರೂ ಕತ್ತೆತ್ತಿ ನನ್ನನ್ನೇ ನೋಡುತ್ತಿರುವುದು ಕಂಡಿತು. ಹಾಗೇ ಕೂತೆ.

"ಅಮ್ಮಾ, ನಿಮ್ಮ ಕಾರ್ಡ್ ಕೊಡಿ" ಎಂದು ಮೊದಲ ಮೇಜಿನ ಅಧಿಕಾರಿ ಕೇಳಿದರು.

ಅತ್ತೆ ಅವರನ್ನು ಬಿಟ್ಟು ನನಗೇ ಹೇಳಿದರು: "ಕಾರ್ಡ್ ಇಲ್ಲ ಕಣ್ಣು. ನಿನ್ನೆ ಇಬ್ರು ಬಂದಿದ್ರು. ಹೊಸ ಸ್ಲಿಪ್ ಮಾಡಿಸ್ಕೊಡ್ತೀವಿ, ಓಟಿನ ಕಾರ್ಡು ಆಧಾರು ಎರಡೂ ಕೊಡಿ ಅಂತ ಇಸ್ಕೊಂಡೋದ್ರು. ಸಂಜೆ ತರ್ತೀವಿ ಅಂದೋರು ಬರಲೇ ಇಲ್ಲ. ನಮ್ ಲೈನಲ್ಲಿ ಇನ್ನೂ ಕೆಲವ್ರ ಹತ್ರ ತಗೊಂಡಿದಾರೆ."

ಮೀಸೆಯವರು ಕನ್ನಡಕದವರನ್ನು ನೋಡಿದರು, ಕನ್ನಡಕದವರು ಮೀಸೆಯವರನ್ನು ನೋಡಿದರು.

"ಯಾರು ಅವ್ರು? ಗೊತ್ತಾ?" ಎಂದೆ.

"ಗೊತ್ತಿಲ್ಲಮ್ಮ. ಬೈಕಲ್ಲಿ ಬಂದಿದ್ರು. ಚೆನ್ನಾಗೇ ಮಾತಾಡಿದ್ರು."

"ನಮ್ಮೋರಂತೂ ಅಲ್ಲ" ಎಂದರು ಮೀಸೆಯವರು. ಅದೇ ಮಾತನ್ನು ಕನ್ನಡಕದವರೂ ಹೇಳಿದರು. ಕಾರ್ಡಿಲ್ಲದೆ ಮತವಿಲ್ಲ ಎಂದ ಮೇಲೆ, ಒಬ್ಬರ ಮತ ತಪ್ಪಿಸಲು ಅವರನ್ನು ಹೆದರಿಸಬೇಕಾಗಿಲ್ಲ, ಹೊಡೆಯಬೇಕಾಗಿಲ್ಲ; ನಗುನಗುತ್ತ ಕಾರ್ಡು ಇಸಿದುಕೊಂಡು ಹೋದರೆ ಸಾಕು. ಬೆಳಗಿನಿಂದ ನನಗೆ ಇದು ಹೊಳೆದೇ ಇರಲಿಲ್ಲ.

ನಮ್ಮ ಮೇಲಿನ ಸೆಕ್ಟರ್ ಅಧಿಕಾರಿಗೆ ಫೋನ್ ಮಾಡಿದೆ. "ದೂರು ಬರೆಸ್ಕೊಳ್ಳಿ, ನಾನು ಪೊಲೀಸ್‌ಗೆ ತಿಳಿಸ್ತೀನಿ. ಆದ್ರೆ ದಾಖಲೆ ಇಲ್ದೆ ಬಿಡಬೇಡಿ ಮೇಡಂ. ನಿಮ್ಗೆ ಪರಿಚಯ ಅನ್ನೋದು ಆಗಲ್ಲ" ಎಂದರು.

ನಾನು ಅತ್ತೆಯ ಕಡೆ ತಿರುಗಿದೆ. "ಅಮ್ಮಾ, ಕಾರ್ಡೇ ಆಗಬೇಕು ಅಂತಿಲ್ಲ. ಫೋಟೋ ಇರೋ ಬ್ಯಾಂಕ್ ಪಾಸ್‌ಬುಕ್ ಆಗತ್ತೆ, ಪೋಸ್ಟಾಫೀಸಿಂದೂ ಆಗತ್ತೆ, ಪೆನ್ಷನ್ ಪುಸ್ತಕ ಆಗತ್ತೆ. ಏನಾದ್ರೂ ಇದೆಯಾ ನಿಮ್ಮ ಹತ್ರ?"

ಅತ್ತೆಯ ಮುಖದಲ್ಲಿದ್ದ ನಗು ನಿಧಾನವಾಗಿ ಇಳಿದುಹೋಯಿತು.

"ನಾನ್ಯಾರು ಅಂತ ನಿಂಗೆ ಗೊತ್ತಿಲ್ವಾ?" ಎಂದರು.

ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ನಾನು "ಇಲ್ಲಿ ಅದು ಲೆಕ್ಕಕ್ಕೆ ಬರಲ್ಲಮ್ಮ" ಎಂದೆ.

"ಪೋಸ್ಟಾಫೀಸ್ ಬುಕ್ ಐತೆ. ಮಗಳ ಮನೇಲಿ, ಹೊಳೆಹೊನ್ನೂರಲ್ಲಿ."

"ಬಿಡಿ ಅಜ್ಜಿ" ಎಂದು ಮೀಸೆಯವರು ನಡುವೆ ಬಾಯಿ ಹಾಕಿದರು. "ಈ ಬಿಸಿಲಲ್ಲಿ ಹೊಳೆಹೊನ್ನೂರಿಗೆ ಎಲ್ಲಿ ಹೋಗ್ತೀರಿ? ಒಂದು ವೋಟಿಂದ ಏನು ಸರ್ಕಾರ ಬೀಳತ್ತಾ? ಮನೆಗೋಗಿ ಮಲ್ಕೊಳ್ಳಿ."

ಅತ್ತೆ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಒಂದು ವೋಟು ಅಲ್ಲಪ್ಪ, ನನ್ ವೋಟು" ಎಂದು ಹೇಳಿ, ದೂರಿಗೆ ಸಹಿ ಹಾಕಿ, ನನ್ನ ಕಡೆ ತಿರುಗಿಯೂ ನೋಡದೆ ಮೆಟ್ಟಿಲಿಳಿದರು.

ಆ ಮಧ್ಯಾಹ್ನ ನನಗೆ ಅನ್ನ ಇಳಿಯಲಿಲ್ಲ. ಸಾಲು ಕರಗುತ್ತ, ಮತ್ತೆ ಬೆಳೆಯುತ್ತ ಇತ್ತು. ಪ್ರತಿ ಬಸ್ಸಿನ ಹಾರ್ನ್‌ಗೂ ಕಿಟಕಿಯತ್ತ ನೋಡುತ್ತಿದ್ದೆ. ಭದ್ರಾವತಿಯಿಂದ ಬಸ್ ಹಿಡಿಯಬೇಕು, ಮಗಳು ಮನೆಯಲ್ಲಿರಬೇಕು, ಪಾಸ್‌ಬುಕ್ ಸಿಗಬೇಕು, ಮತ್ತೆ ಬರಬೇಕು. ಮತದಾನದ ದಿನ ಬಸ್ಸುಗಳನ್ನೂ ಚುನಾವಣೆಗೇ ಎಳೆದುಕೊಂಡಿರುತ್ತಾರೆ. ಇಷ್ಟು ವಯಸ್ಸಾದವರನ್ನು ನಾನೇ ಅಟ್ಟಿದೆನಲ್ಲ, ದಾರಿಯಲ್ಲಿ ತಲೆ ತಿರುಗಿ ಬಿದ್ದರೆ? ಬಿಟ್ಟಿದ್ದರೆ ಏನಾಗುತ್ತಿತ್ತು ಎಂದೂ ಯೋಚಿಸಿದೆ. ಅಂಗಡಿಯವರನ್ನು ವಾಪಸ್ಸು ಕಳಿಸಿದವಳು ನನ್ನವರನ್ನು ಒಳಗೆ ಬಿಟ್ಟಳು ಎಂದಾದ ಮೇಲೆ ಆ ಕೋಣೆಯಲ್ಲಿ ನನ್ನ ಮಾತನ್ನು ಯಾರು ಕೇಳುತ್ತಿದ್ದರು? ಎರಡೂ ನಿಜ ಅನ್ನಿಸುತ್ತಿತ್ತು, ಎರಡರಲ್ಲೂ ನೆಮ್ಮದಿ ಇರಲಿಲ್ಲ.

ಆರು ಗಂಟೆಗೆ ಗೇಟು ಹಾಕಬೇಕು. ಅಷ್ಟು ಹೊತ್ತಿಗೆ ಸಾಲಿನಲ್ಲಿರುವವರಿಗೆಲ್ಲ ನಾವು ಸಹಿ ಮಾಡಿದ ಚೀಟಿ ಕೊಡುತ್ತೇವೆ. ಚೀಟಿ ಇದ್ದವರು ಎಷ್ಟು ಹೊತ್ತಾದರೂ ನಿಂತು ಮತ ಹಾಕಬಹುದು. ಚೀಟಿ ಕೊಡುವುದು ಸಾಲಿನ ಕೊನೆಯಿಂದ, ಆಮೇಲೆ ಬಂದವರು ಹಿಂದೆ ಸೇರಬಾರದು ಅಂತ. ನಾನು ಚೀಟಿ ಹಿಡಿದು ಕೊನೆಗೆ ಹೋಗಿ ನಿಂತೆ. ಪೇದೆ ಗೇಟಿನ ಚಿಲಕಕ್ಕೆ ಕೈ ಹಾಕಿದ್ದರು. ಕನ್ನಡಕದವರು ನನ್ನ ಪಕ್ಕದಲ್ಲೇ ವಾಚು ನೋಡುತ್ತ ನಿಂತಿದ್ದರು. ರಸ್ತೆ ಖಾಲಿ ಇತ್ತು.

"ಟೈಮ್ ಆಗ್ತಾ ಬಂತು ಮೇಡಂ, ಹಾಕ್ಲಾ?" ಎಂದರು ಪೇದೆ.

"ಆಗ್ತಾ ಬಂತು ಅಷ್ಟೇ. ಆಗಿಲ್ಲ" ಎಂದೆ.

ತಿರುವಿನಲ್ಲಿ ಒಂದು ಟಿವಿಎಸ್ ಕಂಡಿತು. ಓಡಿಸುತ್ತಿದ್ದವಳು ಅತ್ತೆಯ ಮಗಳು, ಚಿಕ್ಕಂದಿನಲ್ಲಿ ನನ್ನ ಜೊತೆ ಕುಂಟೆಬಿಲ್ಲೆ ಆಡಿದವಳು. ಹಿಂದೆ ಅತ್ತೆ, ಒಂದು ಕೈಯಲ್ಲಿ ಮಗಳ ಹೆಗಲು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕವರು. ಗಾಡಿ ಪೂರ್ತಿ ನಿಲ್ಲುವ ಮೊದಲೇ ಇಳಿದರು. ಗೇಟು ದಾಟಿ ಸಾಲಿನ ಕೊನೆಯಲ್ಲಿ ನಿಂತು ಏದುಸಿರು ಬಿಟ್ಟರು. ಮೊದಲ ಚೀಟಿಯನ್ನು ಅವರ ಕೈಗೆ ಕೊಟ್ಟೆ. ತೆಗೆದುಕೊಂಡರು. ನನ್ನನ್ನು ನೋಡಲಿಲ್ಲ. ಪೇದೆ ಗೇಟು ಹಾಕಿದರು.

ಅಲ್ಲಿಗೂ ಮುಗಿಯಲಿಲ್ಲ. ಅವರ ಸರದಿ ಬಂದು ಪಾಸ್‌ಬುಕ್ ಮೇಜಿನ ಮೇಲಿಟ್ಟಾಗ ಕನ್ನಡಕದವರು ಎದ್ದರು. ಪಾಸ್‌ಬುಕ್ಕಿನ ಫೋಟೋ ಹಳೆಯದು. ಗಂಡ ಹೆಂಡತಿ ಒಟ್ಟಿಗೆ ಕೂತು ತೆಗೆಸಿದ್ದು. ಕಪ್ಪು ಕೂದಲು, ತುಂಬಿದ ಕೆನ್ನೆ, ದೊಡ್ಡ ಕುಂಕುಮ. ಎದುರಿಗೆ ನಿಂತಿದ್ದವರಿಗೆ ಅದ್ಯಾವುದೂ ಇರಲಿಲ್ಲ.

"ಇದು ಇವ್ರೇ ಅಂತ ಹೇಗೆ ಹೇಳೋದು ಮೇಡಂ? ಬೆಳಿಗ್ಗೆ ಒಬ್ಬಳನ್ನ ಹಿಡಿದ್ರಲ್ಲ? ಆಕ್ಷೇಪಣೆ ಬರ್ಕೊಳ್ಳಿ. ನಿಮ್ಗೆ ಬೇಕಾದೋರು ಅಂತ ಬಿಡೋ ಹಾಗಿಲ್ಲ."

ಆಕ್ಷೇಪಣೆ ಬಂದರೆ ಅಲ್ಲೇ ವಿಚಾರಣೆ ಮಾಡಿ ತೀರ್ಮಾನ ಕೊಡಬೇಕಾದವಳು ನಾನೇ. ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ: "ಇವರು ನನಗೆ ಚಿಕ್ಕಂದಿನಿಂದ ಗೊತ್ತು. ಆದ್ರೆ ಅದನ್ನ ನಾನು ಸಾಕ್ಷಿ ಅಂತ ತಗೊಳ್ಳಲ್ಲ. ಪ್ರಶ್ನೆ ಕೇಳ್ತೀನಿ. ಉತ್ತರ ಪಟ್ಟಿಗೆ ಹೊಂದುತ್ತಾ ಅಂತ ನೀವೇ ನೋಡಿ."

ಮನೆ ನಂಬರು ಕೇಳಿದೆ. ಹೇಳಿದರು. ವಯಸ್ಸು ಕೇಳಿದೆ. ಹೇಳಿದರು.

"ಗಂಡನ ಹೆಸರು?"

ಅತ್ತೆ ಸುಮ್ಮನಾದರು.

ಕನ್ನಡಕದವರು ಕತ್ತು ಮುಂದೆ ಚಾಚಿದರು. ನನಗೆ ಆಗ ಅರ್ಥವಾಯಿತು. ಅಷ್ಟು ವರ್ಷ ಒಂದೇ ಗೋಡೆಯ ಆಚೀಚೆ ಬದುಕಿದರೂ ಆ ಹೆಸರನ್ನು ಅತ್ತೆಯ ಬಾಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. 'ಅವ್ರು' ಅನ್ನುತ್ತಿದ್ದರು, 'ನಮ್ಮನೆಯವ್ರು' ಅನ್ನುತ್ತಿದ್ದರು. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದಲ್ಲಿದ್ದ ನಮ್ಮಮ್ಮನೇ ಹೇಳಬೇಕಿತ್ತು. ಈಗ ಪಕ್ಕದಲ್ಲಿ ಯಾರೂ ಇರಲಿಲ್ಲ. ನಾನು ಹೇಳಿಕೊಡುವಂತಿರಲಿಲ್ಲ.

"ಹೇಳಿ ಅಮ್ಮಾ" ಎಂದೆ.

ಅತ್ತೆ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡರು. ಫೋಟೋವನ್ನು ಒಮ್ಮೆ ನೋಡಿದರು. ಆಮೇಲೆ ನೆಟ್ಟಗೆ ನಿಂತು, ಇನಿಷಿಯಲ್ ಸಮೇತ, ತೀರಿಕೊಂಡ ಗಂಡನ ಪೂರ್ತಿ ಹೆಸರನ್ನು ಗಟ್ಟಿಯಾಗಿ ಹೇಳಿದರು. ಕನ್ನಡಕದವರು ಪಟ್ಟಿಯಲ್ಲಿ ಬೆರಳಿಟ್ಟು ಓದಿದರು. "ಸರಿ ಇದೆ" ಎಂದು ಮೆತ್ತಗೆ ಹೇಳಿ ಕೂತರು.

ಬೆರಳಿಗೆ ಶಾಯಿ ಹಾಕಿದರು. ಯಂತ್ರ ಬೀಪ್ ಎಂದಿತು. ಅತ್ತೆ ಹಿಂದಿನ ಬಾಗಿಲಿನಿಂದ ಹೋದರು.

ಮೂರ್ನಾಲ್ಕು ವಾರ ಧೈರ್ಯ ಬರಲಿಲ್ಲ. ಕೊನೆಗೆ ಒಂದು ಭಾನುವಾರ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹಣ್ಣು, ಸಿಹಿ ಕಟ್ಟಿಸಿಕೊಂಡು ಕಾಗದನಗರಕ್ಕೆ ಹೋದೆ. ಕ್ವಾರ್ಟರ್ಸಿನ ಅರ್ಧ ಲೈನು ಖಾಲಿ. ಅತ್ತೆ ಬಾಗಿಲಲ್ಲೇ ಕೂತು ಅಕ್ಕಿ ಆರಿಸುತ್ತಿದ್ದರು.

"ಕಾರ್ಡ್ ಕೇಳಿದ್ದಕ್ಕೆ ಕೋಪಾನಾ ಅತ್ತೆ?" ಎಂದೆ.

"ಕೇಳಿದ್ದಕ್ಕಲ್ಲ ಮಾರಾಯ್ತಿ. ಕೇಳ್ಬೇಕು. ಕೇಳ್ದಿದ್ರೆ ನನ್ ವೋಟು ಬೇರೆ ಯಾರೋ ಹಾಕಿ ಹೋಗಿರೋರು. ನೀನು ನಂಗೆ ಯಾರೋ ಗುರುತಿಲ್ಲದೋರ ಹಾಗೆ 'ಅಮ್ಮಾ' ಅಂದ್ಯಲ್ಲ, ಬಸ್ಸಲ್ಲಿ ದಾರಿ ಉದ್ದಕ್ಕೂ ಅದೇ ಚುಚ್ಚುತಿತ್ತು. ಅತ್ತೆ, ಕಾರ್ಡ್ ಕೊಡಿ ಅಂದಿದ್ರೆ ಯಾರು ಜೈಲಿಗೆ ಹಾಕೋರು?"

ಅತ್ತೆಯೇ ಎದ್ದು ಕಾಫಿ ಇಟ್ಟರು. ಕಾರ್ಡುಗಳು ವಾಪಸ್ಸು ಬಂದವಂತೆ. ಮತದಾನವಾಗಿ ಎರಡು ದಿನಕ್ಕೆ ಯಾರೋ ಎಲ್ಲವನ್ನೂ ರಬ್ಬರ್ ಬ್ಯಾಂಡ್ ಹಾಕಿ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲಿಟ್ಟು ಹೋಗಿದ್ದರು. ಪೊಲೀಸರು ಒಮ್ಮೆ ಬಂದು ವಿಚಾರಿಸಿದರು. ಯಾರೆಂದು ಕೊನೆಗೂ ಗೊತ್ತಾಗಲಿಲ್ಲ.

ಕಾಫಿ ಕುಡಿಯುವಾಗ ಹಿಂದಿನ ಮನೆಯ ಇಬ್ಬರು ಹೆಂಗಸರು ಬಂದು ಹೊಸಿಲಲ್ಲಿ ಕೂತರು. "ಇವ್ಳೇ ನಮ್ಮ ಮೇಡಂ" ಎಂದು ಅತ್ತೆ ಪರಿಚಯ ಮಾಡಿಸಿದರು.

"ನಮ್ಮ ಕಾರ್ಡೂ ತಗೊಂಡೋಗಿದ್ರು ಮೇಡಂ" ಎಂದಳು ಒಬ್ಬಳು.

"ಮತ್ತೆ ನೀವು ಬರ್ಲೇ ಇಲ್ವಲ್ಲ? ಪಾಸ್‌ಬುಕ್ ಇರ್ಲಿಲ್ವಾ?" ಎಂದೆ.

"ಐತಲ್ಲ, ಬ್ಯಾಂಕಿಂದು, ಫೋಟೋ ಹಚ್ಚಿದ್ದು. ಅದು ನಡೀತದೆ ಅಂತ ನಮ್ಗೇನು ಗೊತ್ತು? ಕಾರ್ಡಿಲ್ಲ ಅಂತ ಮನೇಲೇ ಕೂತ್ವಿ."

ಆ ದಿನ ನಾನು ಬೆಳಗಿನಿಂದ ಸಂಜೆಯವರೆಗೆ ಬಾಗಿಲಿಗೆ ಬಂದವರ ಮುಖ ನೋಡುವುದರಲ್ಲೇ ಇದ್ದೆ. ಬಾರದೇ ಇದ್ದವರ ಬಗ್ಗೆ ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಕಾಫಿ ಲೋಟ ಪಕ್ಕಕ್ಕಿಟ್ಟು, ಯಾವ್ಯಾವ ದಾಖಲೆ ತಂದರೆ ನಡೆಯುತ್ತದೆ ಎಂದು ಆ ಇಬ್ಬರಿಗೂ ಒಂದೊಂದಾಗಿ ಹೇಳತೊಡಗಿದೆ. ಇನ್ನೊಬ್ಬಳು ಪೂರ್ತಿ ಕೇಳಿಸಿಕೊಂಡು, "ಇರಿ ಮೇಡಂ, ಪಕ್ಕದ ಮನೆಯೋರನ್ನೂ ಕರ್ಕೊಂಡ್ ಬರ್ತೀನಿ, ಮೊದಲಿಂದ ಹೇಳಿ" ಎಂದು ಎದ್ದು ಹೋದಳು.