ಸುವಾರ್ತಮ್ಮನ ಅಂಜಿಕೆ

ಸುವಾರ್ತಮ್ಮನ ಕೈ ಸದಾ ನಡುಗುತ್ತಿತ್ತು. ಬಸಿಯಲ್ಲಿ ಚಹಾ ಕೊಟ್ಟರೆ ಅರ್ಧ ಸೆರಗಿನ ಮೇಲೆ. ಆದರೂ ಯಾದಗಿರಿಯ ನಮ್ಮ ಓಣಿಯಲ್ಲಿ ಹೆರಿಗೆಗೆ ಎಲ್ಲರೂ ಕರೆಯುತ್ತಿದ್ದುದು ಆಕೆಯನ್ನೇ. ಕೂಸಿನ ತಲೆ ಕಂಡಿತೆಂದರೆ ಆ ಕೈ ಕಲ್ಲಿನಂತೆ ನಿಲ್ಲುತ್ತಿತ್ತು.

ಆಕೆ ಕಿರಿಸ್ತಾನರ ಸೂಲಗಿತ್ತಿ. ಗಂಡ ಊರೂರು ತಿರುಗಿ ಯೇಸುವಿನ ಮಾತು ಹೇಳುತ್ತಿದ್ದ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಆ ದಿನಗಳಲ್ಲಿ ನಾನು ಚೊಚ್ಚಲ ಬಸುರಿ, ದಿನ ತುಂಬಿದ್ದವು. ಶಹಾಪುರಕ್ಕೆ ಹೋದ ನನ್ನ ಗಂಡನೂ ಸುರಪುರಕ್ಕೆ ಹೋದ ಆಕೆಯ ಗಂಡನೂ ಮರಳಿರಲಿಲ್ಲ. ದಾರಿಯಲ್ಲಿ ಯಾರ ಕೈಯಲ್ಲಿ ಬಂದೂಕಿದೆ, ಯಾರಿಗೆ ಯಾರ ಮೇಲೆ ಸಿಟ್ಟಿದೆ, ಒಂದೂ ತಿಳಿಯುತ್ತಿರಲಿಲ್ಲ. ದಿನಾ ಮುಂಜಾನೆ ಸುವಾರ್ತಮ್ಮ ಬಂದು ನನ್ನ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು. ಹೊರಗೆ ಸಪ್ಪಳವಾದರೆ ಇಬ್ಬರೂ ಬೆಚ್ಚುತ್ತಿದ್ದೆವು.

"ಅಕ್ಕ, ದೇವರನ್ನ ಇಷ್ಟು ನಂಬೀರಿ. ಮತ್ತ ನಿಮಗ್ಯಾಕ ಅಂಜಿಕಿ?" ಎಂದೆ.

"ಅಂಜಬ್ಯಾಡ ಅಂದಾನವ್ವ ನಮ್ಮ ಸ್ವಾಮಿ. ಅಂಜೋರಿಗೇ ಅಲ್ಲೇನು ಆ ಮಾತು ಹೇಳೋದು?"

ಒಂದು ಮಧ್ಯಾಹ್ನ ಸುವಾರ್ತಮ್ಮ ನಮ್ಮ ಮನೆಯಲ್ಲಿದ್ದಾಗ ಹಿಂದಿನ ಓಣಿಯ ಖೈರುನ್‌ಬಿಯ ಅತ್ತೆ ಓಡಿ ಬಂದಳು. ಸೊಸೆಗೆ ನೋವು ಶುರುವಾಗಿತ್ತು. ಆಗ ಜನ ಮುಸಲ್ಮಾನರ ಮೇಲೆ ತಿರುಗಿಬಿದ್ದಿದ್ದರು, ಆ ಮನೆಯ ಗಂಡಸರು ಜೀವ ಉಳಿಸಿಕೊಳ್ಳಲು ಊರು ಬಿಟ್ಟಿದ್ದರು. ಕೋಲು, ಕೊಡಲಿ ಹಿಡಿದವರು ಆ ಓಣಿಯ ಬಾಯಲ್ಲೇ ನಿಂತಿದ್ದರು. ನನ್ನ ಅತ್ತೆ ಸುವಾರ್ತಮ್ಮನ ಸೆರಗು ಹಿಡಿದಳು.

"ಹೋಗಬ್ಯಾಡವ್ವ. ನಿನಗೇನರ ಆದ್ರ ನಮ್ಮ ಸೊಸಿ ಕೈ ಹಿಡಿಯೋರು ಯಾರು?"

"ನಾ ಹೋಗಲಿಲ್ಲಂದ್ರ ಆಕಿ ಕೈ ಹಿಡಿಯೋರು ಯಾರ್ರಿ?"

ಹೊಸ್ತಿಲಲ್ಲಿ ನಿಂತು ಕಣ್ಣು ಮುಚ್ಚಿದಳು. "ಸ್ವಾಮಿ, ಕಾಲು ಏಳವಲ್ಲವು. ನೀನ ಮುಂದ ನಡಿ," ಎಂದಳು. ಹೋದಳು.

ನನ್ನನ್ನು ಬಿಟ್ಟು ಹೋದಳೆಂದು ನನಗೆ ಸಿಟ್ಟು. ಆದರೂ ಕಿಟಕಿ ಬಿಟ್ಟು ಏಳಲಿಲ್ಲ. ಆ ಓಣಿಯಿಂದ ಕೂಗಾಟ ಕೇಳಿತು. ಆಮೇಲೆ ಅದೂ ನಿಂತಿತು, ಅದರಿಂದಲೇ ನನಗೆ ಹೆಚ್ಚು ಭಯವಾಯಿತು. ಹೊತ್ತು ಇಳಿಯುವಾಗ ನನಗೂ ಸೊಂಟ ಹಿಡಿದು ನೋವು ಶುರುವಾಯಿತು.

ದೀಪ ಹಚ್ಚುವ ಹೊತ್ತಿಗೆ ಬಂದಳು. ಕುಪ್ಪಸದ ತೋಳು ಹರಿದಿತ್ತು, ಹಣೆಯಲ್ಲಿ ರಕ್ತ. "ಗಂಡು. ತಾಯಿ ಕೂಸು ಇಬ್ಬರೂ ಚಲೋ ಅದಾರ," ಎಂದು ಕೈ ತೊಳೆದು ನನ್ನ ಬಳಿ ಕೂತಳು. ನನ್ನ ಮಗಳು ಹುಟ್ಟಿದ್ದು ಆ ಕೈಯಲ್ಲೇ. ಗಾಯದ ವಿಷಯ ಆಮೇಲೆ ತಿಳಿಯಿತು. ತಡೆದು ನೂಕಿದವರಲ್ಲಿ ಒಬ್ಬನ ಹೆಂಡತಿಯ ಹೆರಿಗೆಯನ್ನು ಆಕೆಯೇ ಮಾಡಿಸಿದ್ದಳಂತೆ. ಗುರುತು ಹಿಡಿದು ಅವನೇ ದಾರಿ ಬಿಡಿಸಿದನಂತೆ.

ವಾರದೊಳಗೆ ನನ್ನ ಗಂಡ ಶಹಾಪುರದಿಂದ ಬಂದ. ಸುರಪುರದಿಂದ ಆಕೆಯ ಗಂಡ ಬರಲೇ ಇಲ್ಲ. ಹೆಣವೂ ಸಿಗಲಿಲ್ಲ, ಸುದ್ದಿಯೂ ಇಲ್ಲ. ಎಷ್ಟೋ ತಿಂಗಳ ಮೇಲೆ ತಡೆಯಲಾರದೆ ಕೇಳಿಬಿಟ್ಟೆ: "ನಿಮ್ಮ ದೇವರು ಮಾತು ಉಳಿಸಿಕೊಳ್ಳಲಿಲ್ಲಲ್ರಿ ಅಕ್ಕ?"

ಆಕೆ ಮೊರದ ಜೋಳದಲ್ಲಿದ್ದ ಕಲ್ಲು ಆರಿಸಿ ಹೊರಗೆ ಎಸೆದಳು.

"ಗಂಡನ್ನ ತಿರುಗಿ ಕಳಸ್ತೀನಿ ಅಂತ ಆತ ಮಾತು ಕೊಟ್ಟಿದ್ದಿಲ್ಲ. ನಿನ್ನ ಬಿಟ್ಟು ಹೋಗಾಂಗಿಲ್ಲ ಅಂದಿದ್ದ. ಹೋಗಿಲ್ಲ. ಆದ್ರೂ ಸಂಕಟ ಆಗತದವ್ವ."

ವರ್ಷಗಳು ಕಳೆದು ಸುವಾರ್ತಮ್ಮನ ಕಣ್ಣು ಮಂಜಾದ ಮೇಲೆ ರಾಯಚೂರಿನ ತಂಗಿ ಆಕೆಯನ್ನು ಕರೆಸಿಕೊಂಡಳು. ಸ್ಟೇಷನ್ನಿಗೆ ಬಿಡಲು ನಾನೇ ಹೋಗಿದ್ದೆ. ಗಾಡಿ ಬಂದಾಗ ನನ್ನ ಮುಂಗೈ ಹಿಡಿದಳು.

"ಹೊಸಾ ಊರು. ಅಂಜಿಕಿ ಆಗಾಕತ್ತದ. ನನಗಾಗಿ ಬೇಡಿಕೊ."

"ನನಗ ನಿಮ್ಮ ಪ್ರಾರ್ಥನಾ ಬರಾಂಗಿಲ್ಲಲ್ರಿ ಅಕ್ಕ."

"ನಿನಗ ಬರೋ ಮಾತಿನ್ಯಾಗ ಕೇಳು. ಆತಗ ತಿಳೀತದ."

ಗಾಡಿ ಹೊರಟಿತು. ಮತ್ತೆ ಆಕೆಯನ್ನು ನಾನು ನೋಡಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ನಿಂತೇ ಆಕೆಯ ದೇವರಿಗೆ ಮೊದಲ ಸಲ ಕೈ ಮುಗಿದೆ:

"ಯಪ್ಪಾ, ಆಕಿಗಿ ಅಂಜಿಕಿ ಭಾಳ. ಆಕಿ ಜೋಡಿ ಇರು."